ಕೈ ನೋಯದಿರಲಿ

ಬುಧವಾರ ಮಧ್ಯಾಹ್ನ ಡಾಕ್ಟರ್ ಮಂದಾನಾ ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿದ್ದ ಹಾಳೆಗಳಿಂದ ಗಾಳಿ ಹಾಕಿಕೊಳ್ಳುತ್ತ, "ಫರ್ಖುಂದೆ ಜಾನ್, ನಿಮ್ಮ ನಾಲ್ಕನೇ ಪ್ರಶ್ನೆ ನೋಡಿದೆ. ಇಪ್ಪತ್ತಾರು ಜನ, ಒಬ್ಬರಿಗೂ ಕೈ ನೋವಿಲ್ಲ. ಇದೇ ಪ್ರಯೋಗ ಮಾಡ್ತಿರೋ ಟೆಹರಾನಿನವರು ಹೊಟ್ಟೆ ಉರ್ಕೋತಾರೆ" ಎಂದರು.

"ಅಲ್ಲಿ ಎಷ್ಟು ಜನಕ್ಕಿದೆ?" ಎಂದು ಕೇಳಿದೆ.

"ಮೂವರಲ್ಲಿ ಒಬ್ಬರಿಗೆ. ಅಂಗೈ ಕೆಂಪಾಗೋದು, ಸುಲಿಯೋದು. ನಮ್ಮ ಯಜ್ದ್ ಊರಲ್ಲಿ ಸೊನ್ನೆ. ಇಲ್ಲಿನ ನೀರು ಕುಡಿದು ನಮ್ಮ ಕಣಗಳೂ ಮರ್ಯಾದೆ ಕಲಿತಿರಬೇಕು. ಬಾಗಿಲು ತಟ್ಟದೆ ಯಾರ ಅಂಗೈಗೂ ನುಗ್ಗಲ್ಲ." ಅವರು ನಗುತ್ತ ಹಾಳೆಗಳನ್ನು ಮೇಜಿನ ಮೇಲಿಟ್ಟರು. "ಶನಿವಾರ ವರದಿ ಕಳಿಸ್ತೀನಿ. ಅಷ್ಟರಲ್ಲಿ ಇನ್ನೊಂದು ಸಲ ಕಣ್ಣಾಡಿಸಿಬಿಡಿ."

ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಹೆದರಿಕೆ. ಎಲ್ಲೋ ತಪ್ಪು ಮಾಡಿದ್ದೇನೆ, ಅದಿನ್ನೂ ಅವರ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ ಎನಿಸುತ್ತದೆ. ಸಾಮಾನ್ಯವಾಗಿ ಆ ಹೆದರಿಕೆಯಲ್ಲಿ ಹುರುಳಿರುವುದಿಲ್ಲ. ಈ ಸಲ ಇತ್ತು.

ಡಾಕ್ಟರ್ ಮಂದಾನಾ ಹೇಳಿದ ಕಣಗಳೆಂದರೆ ಅವರ ತಂಡ ತಯಾರಿಸುವ ನ್ಯಾನೋ ಕಣಗಳು. ಕೊಬ್ಬಿನಿಂದ ಮಾಡಿದ ತೀರ ಸಣ್ಣ ಚೀಲಗಳು. ಒಂದು ತಲೆಗೂದಲಿನ ಅಗಲದಲ್ಲಿ ಎಂಟುನೂರು ಚೀಲಗಳನ್ನು ಸಾಲಾಗಿ ನಿಲ್ಲಿಸಬಹುದು. ಒಳಗೆ ಕ್ಯಾನ್ಸರಿನ ಔಷಧ. ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ಕಂಡಕಂಡಲ್ಲಿ ಕೈಮಾಡುತ್ತದೆ, ಹೃದಯವನ್ನೂ ಬಿಡುವುದಿಲ್ಲ. ಚೀಲದೊಳಗೆ ಕೂಡಿಸಿ ಬಿಟ್ಟರೆ ಸುಮ್ಮನೆ ಮೈಯೆಲ್ಲ ಸುತ್ತುತ್ತಿದ್ದು, ಗಡ್ಡೆಯ ಬಳಿ ರಕ್ತನಾಳಗಳು ಸೋರುವ ಕಡೆ ಹೊರಬಿದ್ದು ಕೆಲಸ ಮಾಡುತ್ತದೆ. ಆದರೆ ಅಂಗೈ ಅಂಗಾಲುಗಳಲ್ಲಿ ಬಿಸಿ ತಾಗಿ, ಉಜ್ಜಿ, ಒತ್ತಿ ಸಣ್ಣ ನಾಳಗಳು ಬಿರಿದರೆ ಅಲ್ಲಿಯೂ ಒಂದಿಷ್ಟು ಸೋರುತ್ತದೆ. ಚರ್ಮ ಕೆಂಪಾಗುತ್ತದೆ, ಬೊಕ್ಕೆ ಏಳುತ್ತದೆ. ಸಕಾಲಕ್ಕೆ ಗೊತ್ತಾದರೆ ಮುಂದಿನ ಡೋಸನ್ನು ಎರಡು ವಾರ ತಡೆದು, ಸ್ವಲ್ಪ ಇಳಿಸಿ ಕೊಡುತ್ತಾರೆ; ಕೈ ವಾಸಿಯಾಗುತ್ತದೆ. ಗೊತ್ತಾಗದೆ ಅದರ ಮೇಲೆ ಪೂರ್ತಿ ಡೋಸು ಬಿದ್ದರೆ ಚರ್ಮ ಕಿತ್ತು ಬರುತ್ತದೆ, ಔಷಧವನ್ನೇ ನಿಲ್ಲಿಸಬೇಕಾಗುತ್ತದೆ. ಔಷಧ ನಿಂತರೆ ಗಡ್ಡೆಗೆ ಹಬ್ಬ.

ಇದೆಲ್ಲ ಗೊತ್ತಾಗಬೇಕಾದದ್ದು ನನ್ನಿಂದ. ಪ್ರಯೋಗದಲ್ಲಿರುವ ಇಪ್ಪತ್ತಾರು ಹೆಂಗಸರಿಗೆ ಪ್ರತಿ ಭಾನುವಾರ ಫೋನ್ ಮಾಡಿ ಹನ್ನೊಂದು ಪ್ರಶ್ನೆ ಕೇಳುವುದು, ಇದೆ ಅಥವಾ ಇಲ್ಲ ಎಂದು ಗುರುತು ಹಾಕುವುದು ನನ್ನ ಕೆಲಸ. ಒಂದನೆಯದು ದಣಿವು. ನಾಲ್ಕನೆಯದು ಕೈ ನೋವು. ಏಳನೆಯದು ತಲೆನೋವು.

ನಮ್ಮ ಫಾರ್ಸಿ ಮಾತಿನ ತೊಂದರೆಯೂ ಅಲ್ಲೇ ಇದೆ. ನಮ್ಮ ಮರ್ಯಾದೆಗಳೆಲ್ಲ ಕಾಯಿಲೆಗಳ ಹೆಸರಿನಲ್ಲಿವೆ. ಕೆಲಸ ಮಾಡುತ್ತಿರುವವರನ್ನು ಕಂಡರೆ "ದಣಿವಾಗದಿರಲಿ" ಎನ್ನುತ್ತೇವೆ. ಯಾರಾದರೂ ನೀರು ಕೊಟ್ಟರೆ "ಕೈ ನೋಯದಿರಲಿ" ಎನ್ನುತ್ತೇವೆ. ಕೊಟ್ಟವರು "ತಲೆ ನೋಯದಿರಲಿ" ಎಂದು ತಿರುಗಿ ಹೇಳಬೇಕು. ಹೇಳದಿದ್ದರೆ ಬಾಯಿ ತುರಿಸುತ್ತದೆ. ಹಾಗಾಗಿ ನನ್ನ ಹನ್ನೊಂದು ಪ್ರಶ್ನೆಗಳನ್ನು ನಮ್ಮೂರಿನ ಹೆಂಗಸೊಬ್ಬಳಿಗೆ ಕೇಳಿದರೆ, ಅರ್ಧ ಪ್ರಶ್ನೆಗಳು ಆಕೆಗೆ ಕುಶಲೋಪರಿಯಂತೆ ಕೇಳಿಸುತ್ತವೆ. ಆಕೆಯ ಅರ್ಧ ಉತ್ತರಗಳು ನನಗೆ ಹಾಗೆಯೇ ಕೇಳಿಸುತ್ತವೆ.

ಗುರುತು ಹಾಕುವ ಮೊದಲು ರೋಗಿ ಆಡಿದ ಮಾತನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಇದ್ದ ಹಾಗೆ ಬರೆದಿಡುವ ಅಭ್ಯಾಸ ನನ್ನದು. ಸಂಜೆ ಶಾಲೆಯಲ್ಲಿ ದಾಖಲೆ ಬರೆಯುವುದನ್ನು ಕಲಿಸಿದ ಮೇಷ್ಟ್ರು, ಕಿವಿಗೆ ಬಿದ್ದದ್ದು ಮೊದಲು, ತಲೆಗೆ ಹೊಳೆದದ್ದು ಆಮೇಲೆ ಎಂದು ಹೇಳಿಕೊಟ್ಟಿದ್ದರು. ಆಫೀಸಿನವರು ಅದನ್ನು ನೋಡಿ ನಗುತ್ತಾರೆ. ನನಗೂ ಅದು ಸಮಯ ಹಾಳು ಎಂದು ಹಲವು ಸಲ ಅನಿಸಿದೆ. ಆ ಬುಧವಾರ, ರೋಗಿಗಳಲ್ಲೊಬ್ಬರಾದ ಬೆಮಾನಿ ಖಾನುಮ್ ಅವರ ಹಾಳೆಗಳ ಅಂಚಿನಲ್ಲಿ ಮೂರು ಭಾನುವಾರಗಳಂದು ಒಂದೇ ಮಾತು ಕಂಡಿತು: "ಕೈ ನೋಯದಿರಲಿ." ಮೂರು ಸಲವೂ ನಾಲ್ಕನೇ ಪ್ರಶ್ನೆಯ ಎದುರಿಗೆ.

ಮೊದಲು ನನಗೇನೂ ಅನಿಸಲಿಲ್ಲ. ಒಳ್ಳೆಯ ಹೆಂಗಸು, ಮರ್ಯಾದೆಯ ಮಾತು. ಹಾಳೆ ಮಗುಚಿ ಮುಂದೆ ಹೋದೆ. ಮತ್ತೆ ತಿರುಗಿ ಬಂದೆ.

ಕೈ ನೋಯದಿರಲಿ ಎನ್ನುವುದು ಕೆಲಸ ಮುಗಿದ ಮೇಲೆ. ಫೋನ್ ಇಡುವಾಗ. ಉಳಿದ ಇಪ್ಪತ್ತೈದು ಜನರೂ ಹನ್ನೊಂದನೇ ಪ್ರಶ್ನೆಯ ನಂತರವೇ ಹಾಗೆ ಹೇಳಿದ್ದರು. ಈಕೆ ನಾಲ್ಕನೇ ಪ್ರಶ್ನೆಯಲ್ಲೇ ಹೇಳಿದ್ದಾರೆ. ನಾನಿನ್ನೂ ಏನೂ ಮಾಡದಿರುವಾಗ ನನಗೆ ಯಾಕೆ ಕೃತಜ್ಞತೆ ಹೇಳಬೇಕು?

ನಮ್ಮ ಫಾರ್ಸಿಯಲ್ಲಿ "ಕೈ ನೋಯದಿರಲಿ" ಎನ್ನುವುದಕ್ಕೂ "ಕೈ ನೋಯುತ್ತಿದೆ" ಎನ್ನುವುದಕ್ಕೂ ಒಂದೆರಡು ಅಕ್ಷರಗಳ ವ್ಯತ್ಯಾಸ. ನಾನು ಕೂರುವುದು ಔಷಧ ಇಡುವ ಫ್ರಿಜ್ಜುಗಳ ಪಕ್ಕ. ಅವು ಇಡೀ ದಿನ ಗೊರಗುಟ್ಟುತ್ತಿರುತ್ತವೆ. ಆಕೆ ಮಾತಾಡುವುದು ಅಡುಗೆಮನೆಯಿಂದ. ಅಲ್ಲಿ ಎಣ್ಣೆ ಚರಗುಟ್ಟುತ್ತಿರುತ್ತದೆ. ಎರಡು ಸದ್ದುಗಳ ನಡುವೆ ಆ ಒಂದೆರಡು ಅಕ್ಷರ ಬಿದ್ದುಹೋಗಿರಬಹುದು. ಆಗ ನಾನೇನು ಹೇಳಿದ್ದೆ ಎಂದು ನೆನಪಿಸಿಕೊಳ್ಳಬೇಕಾಗಿಯೇ ಇರಲಿಲ್ಲ. ಒಬ್ಬ ಹೆಂಗಸು ನನ್ನ ಕೈ ನೋಯುತ್ತಿದೆ ಎಂದಿದ್ದಾಳೆ. ನಾನು ನಿಮ್ಮ ತಲೆ ನೋಯದಿರಲಿ ಎಂದು ಹೇಳಿ ಐದನೇ ಪ್ರಶ್ನೆಗೆ ಹೋಗಿದ್ದೇನೆ. ಒಂದು ಸಲವಲ್ಲ, ಮೂರು ಸಲ.

ಬೆಮಾನಿ ಖಾನುಮ್ ಅವರ ನಾಲ್ಕನೇ ಡೋಸು ಶನಿವಾರ ಬೆಳಗ್ಗೆ.

ತಕ್ಷಣ ಫೋನ್ ಮಾಡಿದೆ. ಎತ್ತಿದ್ದು ಅವರ ಗಂಡ ಮಶ್ ಯದುಲ್ಲಾ. ಗಂಡ ಹೆಂಡತಿ ಮನೆಯಲ್ಲಿ ಗೊತ್ತಾಬ್ ಮಾಡಿ ಮಾರುವವರು: ಬಾದಾಮಿ ಹೂರಣ ತುಂಬಿ, ಅಂಚು ಮಡಿಚಿ, ಕರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಸಿಹಿ. ಮಾಡುವುದು ಆಕೆ, ಮಾರುವುದು ಆತ.

"ಆಸ್ಪತ್ರೆಯಿಂದ ಫರ್ಖುಂದೆ ಮಾತಾಡ್ತಿದೀನಿ. ಬೆಮಾನಿ ಖಾನುಮ್ ಅವರ ಕೈ ಹೇಗಿದೆ?"

"ನಿಮ್ಮ ಕೈಗೆ ಮುತ್ತಿಡ್ತದೆ, ಖಾನುಮ್."

"ಅಲ್ಲ, ನಿಜವಾದ ಕೈ. ಅಂಗೈ, ಬೆರಳು."

"ಅಂಗೈ, ಬೆರಳು, ಎಲ್ಲಾ ನಿಮ್ಮ ಸೇವೆಗೆ."

"ನೋವಿದೆಯಾ ಅಂತ ಕೇಳಿದ್ದು."

"ನಿಮ್ಮಂಥೋರು ಫೋನ್ ಮಾಡಿ ಕೇಳಿದ ಮೇಲೂ ನೋವು ಉಳೀತದಾ?"

"ಅವರಿಗೇ ಕೊಡ್ತೀರಾ?"

ಆತ ಫೋನಿನಿಂದ ಮುಖ ತಿರುಗಿಸಿ ಏನೋ ಕೂಗಿದರು. ದೂರದಿಂದ ಹೆಂಗಸಿನ ಗಂಟಲು ಏನೋ ಗುಡುಗಿತು. ಮತ್ತೆ ಆತನ ಸ್ವರ, ಜೇನು ಸವರಿದಂತೆ: "ನಿಮ್ಮ ದಯೆಯಿಂದ ತುಂಬಾ ಚೆನ್ನಾಗಿದಾಳಂತೆ. ನಿಮ್ಮ ನೆರಳು ನಮ್ಮ ಮೇಲೆ ಸದಾ ಇರಲಿ ಅಂದ್ಲು."

ಆ ಗುಡುಗಿನಲ್ಲಿ ನೆರಳಿನ ಮಾತಿದ್ದಂತೆ ನನಗೆ ಕೇಳಿಸಲಿಲ್ಲ.

ಡಾಕ್ಟರರಿಗೆ ಆಗಲೇ ಹೇಳಬಹುದಿತ್ತು. ಆದರೆ ಏನೆಂದು ಹೇಳಲಿ? ಪೆನ್ಸಿಲಿನ ಒಂದು ಸಾಲು ಜಾಗ ತಪ್ಪಿದೆ ಎಂದೇ? ನನ್ನ ಅನುಮಾನವೇ ತಪ್ಪಾಗಿದ್ದರೆ ಆಕೆಯ ಡೋಸನ್ನು ನಾನು ಸುಮ್ಮಸುಮ್ಮನೆ ತಡೆದಂತಾಗುತ್ತದೆ. ಅನುಮಾನ ಸರಿಯಾಗಿದ್ದರೆ ಮೂರು ವಾರ ಗಮನಿಸದೆ ಇದ್ದವಳು ನಾನು. ಎರಡರಲ್ಲೂ ತಪ್ಪು ನನ್ನದೇ. ಹಾಗಾಗಿ ಕಣ್ಣಿನಿಂದ ನೋಡಿ ಬರುವುದೇ ಸರಿ ಎಂದು ಗುರುವಾರ ಅರ್ಧ ದಿನದ ಕೆಲಸ ಮುಗಿಸಿ ಅವರ ಮನೆಗೆ ಹೋದೆ.

ಬಾಗಿಲು ತೆರೆದ ಮಶ್ ಯದುಲ್ಲಾ ಅವರ ಹುಬ್ಬಿನವರೆಗೂ ಸಕ್ಕರೆ ಪುಡಿ ಹತ್ತಿತ್ತು. "ಬನ್ನಿ, ಬನ್ನಿ. ನಮ್ಮ ಕಣ್ಣ ಮೇಲೆ ಹೆಜ್ಜೆ ಇಡಿ" ಎಂದರು.

ಬೆಮಾನಿ ಖಾನುಮ್ ಅಂಗಳದಲ್ಲಿ ದಾಳಿಂಬೆ ಗಿಡದ ನೆರಳಿನ ಮಂಚದ ಮೇಲೆ ಕೂತಿದ್ದರು. ಅರವತ್ತರ ಆಸುಪಾಸಿನ ದಪ್ಪ ಹೆಂಗಸು, ಹೂವಿನ ಚಿತ್ತಾರದ ಚಾದರ, ಎರಡೂ ಕೈ ಚಾದರದ ಮಡಿಲಲ್ಲಿ. ನನ್ನನ್ನು ನೋಡಿ ಎದ್ದು ನಿಂತರು, ಕೈ ಮಾತ್ರ ಹೊರಗೆ ಬರಲಿಲ್ಲ.

"ದಣಿವಾಗದಿರಲಿ, ಮಗಳೇ. ಇಷ್ಟು ಬಿಸಿಲಲ್ಲಿ ಯಾಕೆ ಬಂದ್ರಿ? ಹೇಳಿ ಕಳ್ಸಿದ್ರೆ ನಾವೇ ಬರ್ತಿದ್ವಿ."

"ನಿಮ್ಮನ್ನ ನೋಡೋಣ ಅಂತ."

"ನೋಡೋಕೇನಿದೆ ಈ ಹಳೇ ಮುಖದಲ್ಲಿ. ಕೂತ್ಕೊಳ್ಳಿ. ಮಶ್ ಯದುಲ್ಲಾ, ಚಹಾ."

ನಾನು ಬೇಡ ಎಂದೆ. ಆಕೆ ಬೇಕೇ ಬೇಕು ಎಂದರು. ನಾನು ತೊಂದರೆ ತಗೋಬೇಡಿ ಎಂದೆ. ಆಕೆ ತೊಂದರೆ ಎಂದರೆ ಬೇಜಾರಾಗುತ್ತದೆ ಎಂದರು. ಮೂರನೇ ಸಲ ನಾನು ಬೇಡ ಎನ್ನುವ ಹೊತ್ತಿಗೆ ಚಹಾ ಬಂದಾಗಿತ್ತು. ತಟ್ಟೆ ತಂದದ್ದು ಗಂಡ. ಮೂರು ಗಾಜಿನ ಲೋಟಗಳಲ್ಲಿ ಆಕೆಯದನ್ನು ಮಾತ್ರ ಆತ ತಟ್ಟೆಯಲ್ಲೇ ಬಿಟ್ಟರು. ಆಕೆ ಅದರ ಕಡೆ ನೋಡಲಿಲ್ಲ.

ಲೋಟದ ಜೊತೆಗೆ ಗೊತ್ತಾಬ್ ಇದ್ದವು. ಒಂದನ್ನು ಕೈಗೆತ್ತಿಕೊಂಡೆ. ಬೆಮಾನಿ ಖಾನುಮ್ ಅವರ ಗೊತ್ತಾಬನ್ನು ಇದಕ್ಕೂ ಮೊದಲು ತಿಂದಿದ್ದೆ; ಆಸ್ಪತ್ರೆಗೆ ಬರುವಾಗಲೆಲ್ಲ ನರ್ಸುಗಳಿಗೆಲ್ಲ ಹಂಚುತ್ತಿದ್ದರು. ಹೆಣೆದ ಜಡೆಯಂಥ ಅಂಚು. ಈಗ ಕೈಯಲ್ಲಿದ್ದದ್ದರ ಅಂಚು ಎಮ್ಮೆ ಕಡಿದುಬಿಟ್ಟಂತಿತ್ತು. ಒಂದು ಕಡೆಯಿಂದ ಹೂರಣ ಹೊರಗೆ ಇಣುಕುತ್ತಿತ್ತು.

"ಇದನ್ನ ಮಡಿಚಿದ್ದು ಯಾರು?" ಎಂದು ಕೇಳಿದೆ. ನಾನು ಕುತಂತ್ರ ಮಾಡಬೇಕೆಂದು ಕೇಳಿದ್ದಲ್ಲ, ನಿಜವಾಗಿಯೂ ಆಶ್ಚರ್ಯವಾಗಿತ್ತು.

ಬೆಮಾನಿ ಖಾನುಮ್ ಅವರ ಮುಖ ಕೆಂಪಾಯಿತು. "ಮಡಿಚಿದ್ದು ಅಂತ ಬೇರೆ ಹೆಸರಿಡ್ತೀರಾ ಅದಕ್ಕೆ? ಇವರೇ. ಈ ಮಹಾನುಭಾವ್ರು. ಇಪ್ಪತ್ತು ದಿನದಿಂದ ನನ್ನ ಹಿಟ್ಟನ್ನ ಕೊಲೆ ಮಾಡ್ತಿದಾರೆ. ನಿನ್ನೆ ಒಬ್ಳು ಗಿರಾಕಿ ಕೇಳಿದ್ಲು, ಬೆಮಾನಿ, ಗೊತ್ತಾಬ್ ಬಿಟ್ಟು ಚಪ್ಪಲಿ ಹೊಲಿಯೋಕೆ ಶುರು ಮಾಡಿದ್ಯಾ ಅಂತ."

"ರುಚಿ ಅದೇ ಅಲ್ವಾ?" ಎಂದರು ಮಶ್ ಯದುಲ್ಲಾ, ಮೆಲ್ಲಗೆ.

"ರುಚಿಯಂತೆ. ಹೂರಣ ಎಲ್ಲಾ ಎಣ್ಣೇಲಿ, ಬಾಯಿಗೆ ಬರೀ ಹಿಟ್ಟು. ಮನುಷ್ಯನಿಗೆ ಎರಡು ಕೈ ಕೊಟ್ಟು ಹತ್ತು ಹೆಬ್ಬೆರಳು ಕೊಟ್ಟಿದಾನೆ ದೇವ್ರು."

"ನೀವು ಯಾಕೆ ಮಡಿಚ್ತಿಲ್ಲ, ಖಾನುಮ್?"

ಆಕೆ ನನ್ನನ್ನು ದಿಟ್ಟಿಸಿ ನೋಡಿದರು. ಇಷ್ಟು ಹೊತ್ತು ಇದ್ದ ಬಹುವಚನ ಅಲ್ಲಿಗೆ ಮುಗಿಯಿತು.

"ಯಾಕೆ ಅಂತ ನೀನು ಕೇಳ್ತೀಯಲ್ಲ. ನಿಂಗೆ ಮೂರು ಸಲ ಹೇಳಿದೀನಿ. ನನ್ನ ಜನ್ಮದಲ್ಲಿ ನೋವು ಅಂತ ಯಾರ ಹತ್ರಾನೂ ಬಾಯಿ ಬಿಟ್ಟೋಳಲ್ಲ ನಾನು. ಐದು ಹೆತ್ತಿದೀನಿ, ಪಕ್ಕದ ಮನೆಯವರಿಗೆ ಮಗು ಅತ್ತ ಮೇಲೇ ಗೊತ್ತಾಗಿದ್ದು. ಆದ್ರೂ ಡಾಕ್ಟರಮ್ಮ ಮೊದಲ್ನೇ ದಿನವೇ ಹೇಳಿದ್ರು, ಮುಚ್ಚಿಡ್ಬೇಡಿ ಅಂತ. ಸರಿ, ನಾಚಿಕೆ ಬಿಟ್ಟು ಹೇಳ್ದೆ, ಕೈ ನೋಯ್ತಿದೆ ಅಂತ. ನೀನೇನಂದೆ?"

"ತಲೆ ನೋಯದಿರಲಿ ಅಂದೆ."

"ಅಂದ್ಯಾ ಇಲ್ವಾ?"

"ಅಂದೆ."

"ಎರಡ್ನೇ ವಾರ ಇನ್ನೂ ಗಟ್ಟಿಯಾಗಿ ಹೇಳ್ದೆ. ಮತ್ತೆ ಅದೇ. ಮೂರ್ನೇ ವಾರ ಕೂಗಿ ಹೇಳ್ದೆ, ಇವ್ರು ಹೊರಗಿಂದ ಓಡಿ ಬಂದ್ರು. ನೀನು ಮಾತ್ರ ತಲೆ ನೋಯದಿರಲಿ, ನಿದ್ದೆ ಬರ್ತದಾ, ಅಂತ ಮುಂದಕ್ಕೆ ಹೋದೆ. ಓದಿದೋರ ಭಾಷೆಯಲ್ಲಿ ಬಾಯಿ ಮುಚ್ಕೊಂಡಿರು ಅನ್ನೋದನ್ನ ಹೀಗೆ ಹೇಳ್ತಾರೇನೋ ಅಂದ್ಕೊಂಡು ಮುಚ್ಕೊಂಡೆ."

ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಚೀಲದಿಂದ ಹಾಳೆಗಳನ್ನು ತೆಗೆದು ಮಂಚದ ಮೇಲೆ ಹರಡಿದೆ. ನಾನು ಕೇಳಿಸಿಕೊಂಡದ್ದು ಏನು, ಬರೆದದ್ದು ಏನು, ಹೇಗೆ ತಪ್ಪಾಯಿತು ಎಂದು ಒಂದೊಂದಾಗಿ ಹೇಳಿದೆ. ಫ್ರಿಜ್ಜಿನ ಸದ್ದಿನ ಬಗ್ಗೆ ಹೇಳಿದೆ, ಆದರೆ ಅದು ನೆಪವಲ್ಲ ಎಂದೂ ಹೇಳಿದೆ. ಬೆಮಾನಿ ಖಾನುಮ್ ಅವರಿಗೆ ಓದಲು ಬರುವುದಿಲ್ಲ. ಗಂಡ ಮೂರು ಸಾಲುಗಳನ್ನು ಬೆರಳಿಟ್ಟು ಓದಿ ಹೇಳಿದರು.

"ಅಂದ್ರೆ," ಎಂದರು ಆಕೆ ನಿಧಾನವಾಗಿ, "ನಾನು ನೋವು ಅಂತ ಕೂಗಿದ್ದು ನಿಂಗೆ ಥ್ಯಾಂಕ್ಸ್ ಅಂತ ಕೇಳಿಸ್ತಾ?"

"ಹೂಂ."

ಮೊದಲು ನಕ್ಕಿದ್ದು ಮಶ್ ಯದುಲ್ಲಾ. ಸಕ್ಕರೆ ಪುಡಿ ಉದುರುವಷ್ಟು ನಕ್ಕರು. ಆಕೆ "ನೀವು ಸುಮ್ನಿರಿ" ಎಂದು ಗದರಲು ಹೋಗಿ ತಾವೇ ನಗಲು ಶುರು ಮಾಡಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಳ್ಳಲು ಕೈ ಹೊರಗೆ ತೆಗೆದರು. ಆಗ ನೋಡಿದೆ.

ಎರಡೂ ಅಂಗೈ ಕುಂಕುಮದಂತೆ ಕೆಂಪಾಗಿದ್ದವು. ಬೆರಳುಗಳ ಬುಡದಲ್ಲಿ ಬೊಕ್ಕೆ, ಹೆಬ್ಬೆರಳಿನ ತುದಿಯಲ್ಲಿ ಚರ್ಮ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಹಿಟ್ಟು ನಾದುವ ಜಾಗ, ಅಂಚು ಒತ್ತುವ ಜಾಗ. ಬಿಸಿ ಎಣ್ಣೆಯ ಆವಿ ತಾಗುವ ಜಾಗ.

ನಾನು ಅಲ್ಲಿಂದಲೇ ಡಾಕ್ಟರ್ ಮಂದಾನಾ ಅವರಿಗೆ ಫೋನ್ ಮಾಡಿದೆ. ತಪ್ಪು ನನ್ನದು ಎಂಬುದನ್ನೇ ಮೊದಲು ಹೇಳಿದೆ, ಇಲ್ಲದಿದ್ದರೆ ಕೊನೆಗೆ ಧೈರ್ಯ ಉಳಿಯುತ್ತದೋ ಇಲ್ಲವೋ ಎಂದು. ಅವರು ಕೈಗಳ ಫೋಟೋ ಕಳಿಸಲು ಹೇಳಿದರು. ಕಳಿಸಿದೆ. "ತಣ್ಣೀರಲ್ಲಿ ಇಟ್ಕೊಳ್ಳೋಕೆ ಹೇಳಿ. ವ್ಯಾಸಲೀನ್ ಹಚ್ಚಲಿ, ಉಜ್ಜೋದು ಬೇಡ. ಒಲೆ ಹತ್ರ ಹೋಗೋದೇ ಬೇಡ. ಶನಿವಾರ ಕರ್ಕೊಂಡು ಬನ್ನಿ. ಅವತ್ತು ಔಷಧ ಕೊಡಲ್ಲ, ಕೈ ನೋಡ್ತೀನಿ" ಎಂದರು.

ಫೋನಿನ ಮಾತು ಅಂಗಳಕ್ಕೆಲ್ಲ ಕೇಳಿಸಿತ್ತು. ಬೆಮಾನಿ ಖಾನುಮ್ ಅವರ ನಗು ನಿಂತಿತು. ಕೈ ಮತ್ತೆ ಚಾದರದೊಳಗೆ ಹೋಯಿತು.

"ಔಷಧ ಕೊಡಲ್ವಂತಾ?"

"ಶನಿವಾರ ಮಾತ್ರ. ಕೈ ವಾಸಿಯಾದ ಮೇಲೆ—"

"ನಂಗೆ ಕೈ ನೋಯ್ತಿಲ್ಲ."

"ಖಾನುಮ್, ಈಗಷ್ಟೇ..."

"ಸ್ವಲ್ಪ ಕೆಂಪಗಿದೆ, ಅಷ್ಟೇ. ಒಲೆ ಮುಂದೆ ಕೂತವಳ ಕೈ ಕೆಂಪಗಿರದೆ ಹಸಿರಾಗಿರ್ತದಾ? ನೋಡು ಮಗಳೇ, ಮೊದಲ ಡೋಸಿಗೆ ಮುಂಚೆ ನನ್ನ ಗಡ್ಡೆ ನಾರಂಗಿ ಹಣ್ಣಿನಷ್ಟಿತ್ತು ಅಂತ ನಿಮ್ಮ ಡಾಕ್ಟರಮ್ಮಾನೇ ಹೇಳಿದ್ದು. ಈಗ ವಾಲ್ನಟ್ಟು. ಅದಕ್ಕೆ ಮೊದಲು ಬೇರೆ ಎರಡು ಔಷಧ ನೋಡಾಯ್ತು, ಅವು ಕೂದಲು ತಗೊಂಡ್ವು, ಗಡ್ಡೆ ಬಿಟ್ಟು ಹೋದ್ವು. ಇದೊಂದೇ ಗೊತ್ತಾಬ್ ಥರ ಒಳಗೆ ಹೂರಣ ಇಟ್ಕೊಂಡು ಸುಮ್ನೆ ಹೋಗಿ ಕೆಲಸ ಮಾಡಿದ್ದು. ಇದನ್ನ ಬಿಡಲ್ಲ ನಾನು. ಆ ಹಾಳೇಲಿ ಬರ್ದಿರೋದು ಪೆನ್ಸಿಲ್ ತಾನೆ?"

"ಪೆನ್ಸಿಲ್."

"ಅಳಿಸಿಬಿಡು. ಬೇಕಾದ್ರೆ ಕೈ ನೋಯದಿರಲಿ ಅಂತಾನೇ ಇರಲಿ ಬಿಡು. ನಾನು ಥ್ಯಾಂಕ್ಸ್ ಅಂದೆ, ನೀನು ಸರಿಯಾಗೇ ಕೇಳಿಸ್ಕೊಂಡೆ. ಮುಗೀತು."

ಮಶ್ ಯದುಲ್ಲಾ ನನ್ನನ್ನೇ ನೋಡುತ್ತಿದ್ದರು. ಇಷ್ಟು ಹೊತ್ತು ತಮಾಷೆ ಮಾಡುತ್ತಿದ್ದ ಮನುಷ್ಯ ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.

ನನಗೆ ಪುಸ್ತಕದ ಜ್ಞಾನ ಕಡಿಮೆ. ಡಾಕ್ಟರಲ್ಲ, ನರ್ಸೂ ಅಲ್ಲ. ಎರಡು ವಾರದಲ್ಲಿ ಆ ಕೈ ವಾಸಿಯಾಗುತ್ತದೆಯೇ ಇಲ್ಲವೇ ಎಂದು ಆಣೆ ಮಾಡಿ ಹೇಳಲಾರೆ. ಆಗದಿದ್ದರೆ? ಆಕೆಯ ಔಷಧ ತಪ್ಪಿಸಿದವಳು ಎಂದು ಜೀವಮಾನವಿಡೀ ನನ್ನನ್ನು ನಾನೇ ಬೈದುಕೊಳ್ಳಬೇಕು. ಆದರೆ ಒಂದು ವಿಷಯ ಮಾತ್ರ ನನಗೆ ಸ್ಪಷ್ಟವಿತ್ತು. ಆಕೆ ತಮ್ಮ ಬದುಕಿನಲ್ಲಿ ಮೊದಲ ಸಲ ನೋವು ಎಂದು ಬಾಯಿಬಿಟ್ಟು ಹೇಳಿದ್ದಾರೆ. ಅದನ್ನು ಮೂರು ಸಲ ಕಳೆದುಹಾಕಿದ್ದೇನೆ. ಇನ್ನೊಂದು ಸಲ ಕಳೆಯಲಾರೆ.

ಚೀಲದಿಂದ ಪೆನ್ನು ತೆಗೆದು ಮೂರೂ ಹಾಳೆಗಳಲ್ಲಿ ಪೆನ್ಸಿಲಿನ ಸಾಲಿನ ಕೆಳಗೆ ಬರೆದೆ: ಕೈ ನೋಯುತ್ತಿದೆ. ಕೇಳಿಸಿಕೊಂಡದ್ದು ತಪ್ಪು. ದಿನಾಂಕ, ನನ್ನ ಸಹಿ.

"ಶಾಯಿನಾ?" ಎಂದು ಕೇಳಿದರು ಬೆಮಾನಿ ಖಾನುಮ್.

"ಶಾಯಿ."

"ನಿನ್ನ ಮನೆ ಹಾಳಾಗ" ಎಂದರು. ನಮ್ಮ ಕಡೆ ಅದನ್ನು ಪ್ರೀತಿಯಿಂದಲೂ ಹೇಳುತ್ತಾರೆ. ಆವತ್ತು ಪ್ರೀತಿ ಇರಲಿಲ್ಲ.

ಶನಿವಾರ ಬೆಳಗ್ಗೆ ಡಾಕ್ಟರ್ ಮಂದಾನಾ ಆಕೆಯ ಕೈಗಳನ್ನು ಕಿಟಕಿಯ ಬೆಳಕಿನಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಬೆಮಾನಿ ಖಾನುಮ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಇದರ ಮೇಲೆ ಇವತ್ತು ಪೂರ್ತಿ ಡೋಸು ಕೊಟ್ಟಿದ್ರೆ, ಮುಂದಿನ ತಿಂಗಳು ಲೋಟ ಹಿಡಿಯೋದಿರಲಿ, ಗುಂಡಿ ಹಾಕ್ಕೊಳ್ಳೋಕೂ ಆಗ್ತಿರಲಿಲ್ಲ. ಆಮೇಲೆ ಈ ಔಷಧಾನ ನಾನು ನಿಮ್ಮ ಹತ್ರಕ್ಕೂ ತರೋ ಹಾಗಿರಲಿಲ್ಲ" ಎಂದರು ಡಾಕ್ಟರು. "ಎರಡು ವಾರ ಕಾಯೋಣ. ಚರ್ಮ ಮುಚ್ಚಿಕೊಂಡ್ರೆ ಮುಕ್ಕಾಲು ಡೋಸು ಕೊಡ್ತೀನಿ. ಅದಕ್ಕೆ ಪ್ರಯೋಗದ ನಿಯಮದಲ್ಲೇ ಜಾಗ ಇದೆ."

"ಮುಚ್ಚಿಕೊಳ್ಳದಿದ್ರೆ?"

"ಆಗ ಯೋಚನೆ ಮಾಡ್ಬೇಕು. ಸುಳ್ಳು ಹೇಳಲ್ಲ ನಿಮಗೆ."

ಬೆಮಾನಿ ಖಾನುಮ್ ತಲೆಯಾಡಿಸಿದರು. ಎದ್ದು ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಅವರು ಹೋದ ಮೇಲೆ ನಾನು ರಾಜೀನಾಮೆಯ ಮಾತು ತೆಗೆದೆ. ರಾತ್ರಿಯೇ ಬರೆದಿಟ್ಟುಕೊಂಡಿದ್ದೆ, ಎರಡು ಪ್ರತಿ. ಡಾಕ್ಟರು ಅದನ್ನು ಓದಲೂ ಇಲ್ಲ. "ನೀವು ಮಾತನ್ನ ತಪ್ಪಾಗಿ ಕೇಳಿಸ್ಕೊಂಡ್ರಿ. ನಾನು ಸೊನ್ನೆ ನೋಡಿ ಕುಣಿದಾಡಿದೆ. ಇಪ್ಪತ್ತಾರು ಜನರಲ್ಲಿ ಸೊನ್ನೆ ಅಂದ್ರೆ ಎಲ್ಲೋ ಏನೋ ಎಡವಟ್ಟಾಗಿದೆ ಅಂತ ನನಗೆ ಹೊಳೀಬೇಕಿತ್ತು. ಇದರಲ್ಲಿ ದೊಡ್ಡ ತಪ್ಪು ಯಾರದು ಅಂತ ಆಮೇಲೆ ಜಗಳ ಆಡೋಣ. ವರದಿ ತಡೆದಿದೀನಿ. ಉಳಿದ ಇಪ್ಪತ್ತೈದು ಜನಕ್ಕೆ ಮತ್ತೆ ಫೋನ್ ಮಾಡಿ."

ಮಾಡಿದೆ. ಐದು ಜನರಿಗೆ ಮಾಡುವಷ್ಟರಲ್ಲಿ ಗೊತ್ತಾಯಿತು, ಇದು ಹೀಗೆ ಆಗುವ ಕೆಲಸವಲ್ಲ ಎಂದು. ಎಷ್ಟು ಬಿಡಿಸಿ ಕೇಳಿದರೂ "ನಿಮ್ಮ ದಯೆ," "ಹೇಳಿಕೊಳ್ಳುವಷ್ಟೇನಿಲ್ಲ," "ನಿಮಗೆ ಯಾಕೆ ತೊಂದರೆ" ಎಂಬ ಉತ್ತರಗಳೇ. ಕೊನೆಗೆ ಮಾನ ಬಿಟ್ಟು ಬೆಮಾನಿ ಖಾನುಮ್ ಅವರಿಗೇ ಫೋನ್ ಮಾಡಿದೆ. ಫ್ರಿಜ್ಜುಗಳಿಂದ ದೂರ, ಮೆಟ್ಟಿಲ ಮೇಲೆ ಕೂತು.

"ಏನು?" ಎಂದರು.

"ನಿಮ್ಮ ಕೈ ಹೇಗಿದೆ?"

"ಬಟ್ಟಲು ನೀರಲ್ಲಿದೆ. ಕಪ್ಪೆ ಥರ. ಇನ್ನೇನು?"

"ಯಾರೂ ನಿಜ ಹೇಳ್ತಿಲ್ಲ, ಖಾನುಮ್. ಹೇಗೆ ಕೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ."

ಆಕೆ ಬಟ್ಟಲಿನ ನೀರು ಕಲಕಿದ್ದು ಕೇಳಿಸಿತು. "ನೀನೊಬ್ಳು ಪೆದ್ದಿ" ಎಂದರು ಆಮೇಲೆ, ಧ್ವನಿ ಸ್ವಲ್ಪ ಮೆತ್ತಗಾಗಿತ್ತು. "ಹೆಂಗಸರನ್ನ ನೋವಿದೆಯಾ ಅಂತ ಕೇಳಿದ್ರೆ ಇಲ್ಲ ಅಂತೀವಿ. ಅದು ಉತ್ತರ ಅಲ್ಲ, ಅಭ್ಯಾಸ. ನಿಮ್ಮ ಮನೇಲಿ ಈ ವಾರ ನಿಮ್ಮ ಕೆಲಸ ಬೇರೆ ಯಾರು ಮಾಡಿದ್ರು, ಎಷ್ಟು ಕೆಟ್ಟದಾಗಿ ಮಾಡಿದ್ರು ಅಂತ ಕೇಳು. ಆಮೇಲೆ ಕಿವಿಯಿಂದ ಫೋನ್ ದೂರ ಹಿಡ್ಕೊ."

ಹಾಗೆಯೇ ಕೇಳಿದೆ. ಅಣೆಕಟ್ಟು ಒಡೆದಂತಾಯಿತು. ಒಬ್ಬಾಕೆಯ ಸೊಸೆ ಬದನೆಕಾಯಿಯನ್ನು ಸೌದೆ ಸೀಳಿದಂತೆ ಹೆಚ್ಚುತ್ತಾಳಂತೆ. ಒಬ್ಬಾಕೆಯ ಗಂಡ ಬಟ್ಟೆ ಹಿಂಡದೆ ಒಣಹಾಕಿ ಕೆಳಗಿನ ಮನೆಯವರ ಮೇಲೆ ಮಳೆ ಸುರಿಸಿದನಂತೆ. ಇನ್ನೊಬ್ಬಾಕೆಯ ತಂಗಿ ಅನ್ನದ ತಳ ಹಿಡಿಸಿದ್ದನ್ನು ಹೇಳಿ ಮುಗಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಪ್ರತಿ ದೂರಿನ ಕೊನೆಗೂ ನಾನು "ನೀವೇ ಯಾಕೆ ಮಾಡಲಿಲ್ಲ?" ಎಂದು ಕೇಳಿದೆ. ಎಂಟು ಜನ ತಮ್ಮ ಅಂಗೈಯನ್ನೋ ಅಂಗಾಲನ್ನೋ ಹೆಸರಿಸಿದರು. ಬೆಮಾನಿ ಖಾನುಮ್ ಸೇರಿ ಒಂಬತ್ತು. ಡಾಕ್ಟರ್ ಮಂದಾನಾ ಆ ಸಂಖ್ಯೆಯನ್ನು ವರದಿಯಲ್ಲಿ ಸೇರಿಸಿ, ಟೆಹರಾನಿನಷ್ಟೇ ಬಂತು ಎಂದರು. "ಕಣ ಎಲ್ಲಾ ಕಡೆ ಒಂದೇ, ಫರ್ಖುಂದೆ ಜಾನ್. ಮರ್ಯಾದೆ ನಮ್ಮದು." ನಾಲ್ಕನೇ ಪ್ರಶ್ನೆ ಈಗ ಆಕೆ ಹೇಳಿಕೊಟ್ಟ ಹಾಗೆಯೇ ಅಚ್ಚಾಗಿದೆ.

ಎರಡು ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ ಎಂದರೆ ಉತ್ಪ್ರೇಕ್ಷೆಯಲ್ಲ. ದಿನಕ್ಕೊಂದು ಫೋಟೋ ಕಳಿಸುವಂತೆ ಮಶ್ ಯದುಲ್ಲಾ ಅವರಿಗೆ ಹೇಳಿದ್ದೆ. ಆತ ಮೊದಲ ಮೂರು ದಿನ ತಮ್ಮ ಹೆಬ್ಬೆರಳಿನ ಫೋಟೋ ಕಳಿಸಿದರು. ನಾಲ್ಕನೇ ದಿನದಿಂದ ಕೈ ಕಾಣಿಸತೊಡಗಿತು. ಕುಂಕುಮದ ಕೆಂಪು, ಇಟ್ಟಿಗೆಯ ಕೆಂಪು, ಆಮೇಲೆ ಗುಲಾಬಿ. ಹತ್ತನೇ ದಿನ ಬೊಕ್ಕೆ ಬತ್ತಿದ್ದವು. ಆದರೂ ಬೆಳಕು ಮೋಸ ಮಾಡುತ್ತಿರಬಹುದು ಎಂದು ಬೇರೆ ಹೊತ್ತಿನಲ್ಲಿ ಇನ್ನೊಂದು ಕಳಿಸಲು ಹೇಳುತ್ತಿದ್ದೆ.

ಹದಿನಾಲ್ಕನೇ ದಿನ ಡಾಕ್ಟರು ಕೈಗಳನ್ನು ಮತ್ತೆ ಕಿಟಕಿಯ ಬಳಿ ಹಿಡಿದು ನೋಡಿದರು. ಬೆರಳಿನಿಂದ ಮೆಲ್ಲಗೆ ಒತ್ತಿದರು. "ಮುಚ್ಚಿಕೊಂಡಿದೆ. ಶುರು ಮಾಡೋಣ" ಎಂದರು.

ಆಕೆ ಕುರ್ಚಿಗೆ ಒರಗಿದರು. ಎರಡೂ ಕೈಗೆ ತಣ್ಣನೆಯ ಚೀಲಗಳನ್ನು ಕಟ್ಟಿದೆವು, ಆ ಹೊತ್ತಿನಲ್ಲಿ ಅಂಗೈಗೆ ರಕ್ತ ಕಡಿಮೆ ಹೋಗಲಿ ಎಂದು. ದಾಳಿಂಬೆ ಷರಬತ್ತಿನ ಬಣ್ಣದ ಔಷಧ ಕೊಳವೆಯಲ್ಲಿ ಹನಿ ಹನಿಯಾಗಿ ಇಳಿಯತೊಡಗಿತು. ಬೆಮಾನಿ ಖಾನುಮ್ ಅದನ್ನೇ ನೋಡುತ್ತಿದ್ದರು. ನಾನು ಹಾಳೆ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದೆ. ಇನ್ನೂ ನನ್ನ ಮೇಲೆ ಸಿಟ್ಟಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ.

"ಬರ್ಕೊ" ಎಂದರು ಇದ್ದಕ್ಕಿದ್ದಂತೆ.

"ಏನು?"

"ಈ ಕುರ್ಚಿ ಕಲ್ಲು. ಸೊಂಟ ಹಿಡೀತದೆ. ಬರ್ದ್ಯಾ?"

"ಬರೆದೆ."

"ನಿಮ್ಮ ಆಸ್ಪತ್ರೆ ಚಹಾ ಕುಡಿದ್ರೆ ಒಂಟೆಗೂ ಬೇಜಾರಾಗ್ತದೆ. ಆ ದಪ್ಪ ನರ್ಸು ಸೂಜಿ ಚುಚ್ಚೋವಾಗ ತನ್ನ ನಾದಿನಿ ವಿಷಯ ಮಾತಾಡ್ತಾಳೆ, ನಾದಿನಿ ಮೇಲಿನ ಕೋಪ ನನ್ನ ನರದ ಮೇಲೆ. ಈ ಚೀಲ ತುಂಬಾ ತಣ್ಣಗಿದೆ, ಎಡಗೈ ಕಿರುಬೆರಳು ಇದೆಯೋ ಇಲ್ವೋ ಗೊತ್ತಾಗ್ತಿಲ್ಲ. ಬಲ ಮೊಣಕಾಲು ನೋಯ್ತದೆ, ಅದು ನಿಮ್ಮ ಔಷಧದಿಂದಲ್ಲ, ನಲವತ್ತು ವರ್ಷದಿಂದ ನೋಯ್ತಿದೆ, ಯಾರಿಗೂ ಹೇಳಿರಲಿಲ್ಲ. ಅದನ್ನೂ ಬರಿ."

"ಮೊಣಕಾಲಿಗೆ ಇದರಲ್ಲಿ ಜಾಗ ಇಲ್ಲ, ಖಾನುಮ್."

"ಅಂಚಲ್ಲಿ ಬರಿ. ನಿಂಗೆ ಅಂಚಲ್ಲಿ ಬರೆಯೋ ಚಟ ಇದೆಯಲ್ಲ."

ಬಾಗಿಲಲ್ಲಿ ನಿಂತಿದ್ದ ಮಶ್ ಯದುಲ್ಲಾ, "ನಲವತ್ತು ವರ್ಷಾನಾ?" ಎಂದು ಬಾಯಿಬಿಟ್ಟರು.

"ನಿಮ್ಮ ವಿಷಯಕ್ಕೆ ಇನ್ನೂ ಬಂದಿಲ್ಲ," ಎಂದರು ಬೆಮಾನಿ ಖಾನುಮ್, "ಅಲ್ಲೇ ಕೂತಿರಿ." ಆಮೇಲೆ ನನ್ನ ಕಡೆ ತಿರುಗಿದರು. "ಹಾಳೆ ಸಾಕಾಗಲ್ಲ. ಇನ್ನೊಂದು ತಗೊಂಡು ಬಾ."

ನಾನು ಹೋಗಿ ನಾಲ್ಕು ತಂದೆ.